ಹಿಟ್ಟು ಮೆತ್ತಗಾದರೆ ಆಮೆನ್

ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ಮಕ್ಕಳ ರಜಾ ಶಾಲೆ ಶುರುವಾದ ಮೂರನೆಯ ದಿನ ನಾನು ಚಾರ್ಟಿನ ಸುರುಳಿ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದೆ. ಮುಂದಿನ ಸಾಲಿನ ಎಂಟು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. ಪಾಠದ ಬಗ್ಗೆ ಏನೋ ಕೇಳುತ್ತಾಳೆ ಎಂದುಕೊಂಡೆ.

"ಸರ್, ನಮ್ಮನ್ನ ಅಮ್ಮಾರ ಕಡಿ ಎಷ್ಟೊತ್ತಿಗಿ ಬಿಡ್ತೀರಿ?"

ಹಿಂದಿನಿಂದ ನಾಲ್ಕೈದು ದನಿಗಳು ಸೇರಿಕೊಂಡವು. "ಹೌದ್ರಿ ಸರ್, ಜಲ್ದಿ ಬಿಡ್ರಿ."

ಅಮ್ಮಾರು ಎಂದರೆ ನನ್ನ ಹೆಂಡತಿ. ಅವಳು ಅಲ್ಲಿಗೆ ಕಲಿಸಲು ಬಂದವಳೇ ಅಲ್ಲ, ಮಕ್ಕಳ ಮಧ್ಯಾಹ್ನದ ಊಟಕ್ಕೆ ರೊಟ್ಟಿ, ಬೇಳೆ ಮಾಡಿಕೊಡಲು ಬಂದವಳು. ಕಲಿಸುವವನು ನಾನು. ಕ್ರೈಸ್ತ ಸಭೆಯ ಉಪದೇಶಕ. ನಮ್ಮ ಮನೆ ಆಳಂದದಲ್ಲಿ. ಸುತ್ತಲಿನ ಹಳ್ಳಿಗಳಲ್ಲಿರುವ ನಮ್ಮ ಸಭೆಯ ಕುಟುಂಬಗಳ ಮಕ್ಕಳಿಗೆ ಪ್ರಾರ್ಥನೆ, ಬೈಬಲ್ ವಾಕ್ಯ, ಹಾಡು ಕಲಿಸುವುದು ನನ್ನ ಕೆಲಸ. ಬೇಸಿಗೆ ರಜೆಯಲ್ಲಿ ಹತ್ತು ದಿನ ಈ ಶಾಲೆ ನಡೆಸಿ, ಕೊನೆಗೆ ಮೇಲ್ವಿಚಾರಕರಿಗೆ ವರದಿ ಕಳಿಸಬೇಕು.

ಆ ವರ್ಷದ ವಿಷಯ ಪ್ರಾರ್ಥನೆ. ಚಾರ್ಟನ್ನು ನಾನೇ ಬರೆದಿದ್ದೆ. ನಾಲ್ಕು ಡ್ರಾಯಿಂಗ್ ಶೀಟು ಅಂಟಿಸಿ, ಅದರ ತುಂಬ ಒಂದು ದೊಡ್ಡ ಅಂಗೈ. ಹೆಬ್ಬೆರಳು ಮನೆಯವರಿಗಾಗಿ, ತೋರುಬೆರಳು ಕಲಿಸುವವರಿಗಾಗಿ, ನಡುಬೆರಳು ಊರು ನಡೆಸುವವರಿಗಾಗಿ, ಉಂಗುರಬೆರಳು ರೋಗಿಗಳಿಗಾಗಿ, ಕಿರುಬೆರಳು ನಮಗಾಗಿ. ಒಂದೊಂದು ಬೆರಳಿಗೆ ಒಂದೊಂದು ಬಣ್ಣ. ಎರಡು ವಾರ ಕೂತು ಮಾಡಿದ್ದೆ. ಮೊದಲ ದಿನ ಮಕ್ಕಳು ಅದನ್ನು ನೋಡಿ ಖುಷಿಪಟ್ಟರು. ಎರಡನೆಯ ದಿನಕ್ಕೆ ಪ್ರಾರ್ಥನಾಲಯದ ತಗಡಿನ ಮಾಡಿನ ಕೆಳಗೆ ಬಿಸಿಲೇರಿದ ಹಾಗೆ ಒಬ್ಬರನ್ನೊಬ್ಬರು ಚಿವುಟತೊಡಗಿದರು. ಕಣ್ಣು ಮುಚ್ಚಿ ಒಂದು ನಿಮಿಷ ಮೌನವಾಗಿರಿ ಎಂದರೆ ಅರ್ಧ ನಿಮಿಷದೊಳಗೆ ಯಾರೋ ಕಿಸಕ್ಕನೆ ನಗುತ್ತಿದ್ದರು.

ಹಿಟ್ಟಿನ ಸಂಗತಿ ಶುರುವಾದದ್ದು ಆ ಎರಡನೆಯ ದಿನವೇ. ತೀರ ಸಣ್ಣ ಮಕ್ಕಳು ನನ್ನ ಪಾಠದಲ್ಲಿ ಕೂರಲಾರದೆ ಹಿಂದಿನ ಅಡುಗೆಯ ಪಡಸಾಲೆಗೆ ಹೋಗಿ ಅಳುತ್ತ ನಿಂತಿದ್ದರು. ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದ ನನ್ನ ಹೆಂಡತಿ ಅವರ ಕೈಗೊಂದೊಂದು ಉಂಡೆ ಕೊಟ್ಟಳು. ಅಳು ನಿಂತಿತು. ದೊಡ್ಡ ಮಕ್ಕಳೂ ಒಬ್ಬೊಬ್ಬರಾಗಿ ಜಾರಿದರು. ನಾನು ಹುಡುಕುತ್ತ ಹೋದಾಗ ಬಾಗಿಲಲ್ಲೇ ನಿಂತೆ. ಇಪ್ಪತ್ತು ಮಕ್ಕಳು ನೆಲದ ಮೇಲೆ ದುಂಡಗೆ ಕೂತು ಹಿಟ್ಟು ನಾದುತ್ತಿದ್ದರು. ಯಾರ ಬಾಯಿಯಿಂದಲೂ ಮಾತಿಲ್ಲ.

"ಯಾರ ಸಲುವಾಗಿ ಬೇಡ್ಕೋಬೇಕು ಅನಸ್ತದ, ಅವ್ರನ್ನ ಮನಸ್ಸಿನ್ಯಾಗ ಇಟ್ಕೊಂಡು ನಾದ್ರಿ" ಎಂದು ಅವಳು ಮೆಲ್ಲಗೆ ಹೇಳುತ್ತಿದ್ದಳು. "ಬಾಯಿ ಬ್ಯಾಡ, ಕೈ ಸಾಕು. ಹಿಟ್ಟು ಮೆತ್ತಗಾದ್ರ ಆಮೆನ್."

ನಾನು ಗಡಿಯಾರ ನೋಡಿಕೊಂಡೆ. ಹನ್ನೊಂದು ನಿಮಿಷ. ನನ್ನ ಪಾಠದಲ್ಲಿ ದಿನಕ್ಕೆ ಹತ್ತು ಸಲ ಗದರಿಸಿಕೊಳ್ಳುವ ಹುಡುಗ ನಾಲಿಗೆಯನ್ನು ತುಟಿಯ ಅಂಚಿಗೆ ಒತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ, ಅಂಗೈಯ ಬುಡದಿಂದ ಒತ್ತುತ್ತಿದ್ದ. ಒಬ್ಬೊಬ್ಬರೇ "ಆಮೆನ್" ಎನ್ನತೊಡಗಿದರು. ನಾನು ಸಂತೋಷಪಡಬೇಕಿತ್ತು. ಬದಲಿಗೆ ಒಳಗೆ ಬಂದು ಚಾರ್ಟನ್ನು ಸುತ್ತಿಟ್ಟೆ.

ಮರುದಿನ ಅವಳು ಒಂದು ಹೆಜ್ಜೆ ಮುಂದೆ ಹೋದಳು. ನಾದಿದ ಹಿಟ್ಟಿನಿಂದ, ಯಾವುದಕ್ಕಾಗಿ ಬೇಡಿಕೊಂಡರೋ ಅದರ ಗೊಂಬೆ ಮಾಡಿಸಿದಳು. ಅರಿಶಿನ ಹಾಕಿ ಹಳದಿ, ಬೀಟ್‌ರೂಟ್ ರಸದಿಂದ ಕೆಂಪು, ಒಲೆಯ ಇದ್ದಿಲಿನಿಂದ ಕಪ್ಪು. ಒಬ್ಬಳು ಅಜ್ಜಿಯ ಮಂಚ ಮಾಡಿದಳು. ಒಬ್ಬ ಆಡು ಮಾಡಿದ. ಗದರಿಸಿಕೊಳ್ಳುವ ಆ ಹುಡುಗ ಬಸ್ಸು ಮಾಡಿದ. ಅವನ ಅಪ್ಪ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿ ಬಹಳ ದಿನವಾಗಿತ್ತು. ಎಲ್ಲ ಮುಗಿದ ಮೇಲೆ ಮಕ್ಕಳು ತಮ್ಮ ತಮ್ಮ ಗೊಂಬೆ ಎತ್ತಿಕೊಳ್ಳಲು ಹೋದರು. ಅವಳು ತಡೆದಳು.

"ನಿಮ್ದು ನಿಮಗ ಅಲ್ಲ. ಬಾಜೂಕಿನವ್ರಿಗಿ ಕೊಡ್ರಿ. ಅವ್ರು ನಿಮ್ ಸಲುವಾಗಿ ಬೇಡ್ಕೋತಾರ, ನೀವು ಅವ್ರ ಸಲುವಾಗಿ."

ಬಸ್ಸು ಮಂಚದ ಹುಡುಗಿಯ ಕೈಗೆ ಹೋಯಿತು. ಮಂಚ ಹುಡುಗನ ಕೈಗೆ ಬಂತು. ಮರುದಿನ ಬೆಳಿಗ್ಗೆ ಪ್ರಾರ್ಥನಾಲಯದ ಮೆಟ್ಟಿಲ ಮೇಲೆ ಆ ಹುಡುಗಿ ಅವನನ್ನು ತಡೆದು ನಿಲ್ಲಿಸಿ, "ನಿಮ್ಮಪ್ಪಂದು ಫೋನ್ ಬಂತೇನೋ?" ಎಂದು ಕೇಳುವುದನ್ನು ನಾನೇ ಕೇಳಿಸಿಕೊಂಡೆ. ಪರರಿಗಾಗಿ ಪ್ರಾರ್ಥನೆ ಎಂಬ ಪಾಠವನ್ನು ನಾನು ಎಷ್ಟೋ ಬೇಸಿಗೆ ಮಾಡಿದ್ದೇನೆ. ಯಾವ ಮಗುವೂ ಮರುದಿನ ಬೆಳಿಗ್ಗೆ ಇನ್ನೊಂದು ಮಗುವಿನ ಅಪ್ಪನನ್ನು ವಿಚಾರಿಸಿರಲಿಲ್ಲ.

ಇಷ್ಟರಲ್ಲಿ ನಾನೊಂದು ಕೆಲಸ ಮಾಡಿದೆ. ಸಭೆಯ ಹಿರಿಯರೊಬ್ಬರು ದಿನಾ ಸಂಜೆ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಅವರ ಹತ್ತಿರ, ಏನೂ ಗೊತ್ತಿಲ್ಲದವನ ಹಾಗೆ, "ಉಣ್ಣೋ ಹಿಟ್ಟು ಆಟಕ್ಕ ಬಳಸೋದು ಬರೋಬ್ಬರಿ ಅಂತೀರೇನ್ರಿ?" ಎಂದೆ. ಅಷ್ಟು ಸಾಕಾಯಿತು. ಮರುದಿನ ಅವರು ನೇರವಾಗಿ ಪಡಸಾಲೆಗೆ ಹೋಗಿ ನನ್ನ ಹೆಂಡತಿಗೆ ಹೇಳಿದರು: "ತಂಗಿ, ಹಿಟ್ಟು ಅಂದ್ರ ಅನ್ನ. ಅನ್ನದ ಗೊಂಬಿ ಮಾಡಬಾರದವ್ವ."

ಅವಳು ವಾದ ಮಾಡಲಿಲ್ಲ. "ಹೌದ್ರಿ ಕಾಕಾ" ಎಂದಳು. ಇಲ್ಲಿಗೆ ಮುಗಿಯಿತು ಎಂದು ನಾನು ಒಳಗೊಳಗೇ ಹಗುರಾದೆ. ಆದರೆ ಮರುದಿನ ಅವಳು ಸೆರಗಿನ ಗಂಟಿನಲ್ಲಿ ಬೂದುಬಣ್ಣದ ಏನನ್ನೋ ಕಟ್ಟಿಕೊಂಡು ಬಂದಳು. ಊರಿನ ಗಿರಣಿಗೆ ಹೋಗಿ, ಕಲ್ಲಿನ ಸುತ್ತ ಚೆಲ್ಲಿ ಕಸಕ್ಕೆ ಹೋಗುವ ಹಿಟ್ಟನ್ನು ಗುಡಿಸಿ ತಂದಿದ್ದಳು. ಎರಡು ಸಲ ಜರಡಿ ಹಿಡಿದಳು. ಇದು ಯಾರೂ ಉಣ್ಣದ ಹಿಟ್ಟು.

ಆ ದಿನ ಅನಾಹುತವಾಯಿತು. ಗಿರಣಿಯಲ್ಲಿ ಹಿಂದಿನ ದಿನ ಖಾರ ಕುಟ್ಟಿದ್ದರು. ಅದರ ಪುಡಿ ನೆಲದ ಹಿಟ್ಟಿನಲ್ಲಿ ಬೆರೆತಿತ್ತು. ನಾದಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಮಕ್ಕಳ ಕೈ ಉರಿಯತೊಡಗಿತು. ಒಂದಿಬ್ಬರು ಕಣ್ಣುಜ್ಜಿಕೊಂಡು ಚೀರಿದರು. ನನ್ನ ಹೆಂಡತಿ ಕಣ್ಣಿಗೆ ನೀರು ಎರಚುತ್ತ, ಕೈಗೆ ಎಣ್ಣೆ ಸವರುತ್ತ, ಒಬ್ಬರಿಂದ ಒಬ್ಬರ ಕಡೆಗೆ ಓಡಿದಳು. ನಾನೂ ಕೊಡ ಹಿಡಿದು ಓಡಿದೆ. ಆದರೆ ಓಡುವ ಮೊದಲು, ಬಾಗಿಲಲ್ಲಿ ನಿಂತ ಒಂದು ಗಳಿಗೆ, ನನಗೆ ಸಮಾಧಾನವಾಗಿತ್ತು. ಈಗಲಾದರೂ ಅವಳದು ತಪ್ಪಿತು ಎಂಬ ಸಮಾಧಾನ. ಅಳುವ ಮಕ್ಕಳ ಮುಂದೆ ನಿಂತು ಹಾಗನ್ನಿಸಿದ್ದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಅದು ನಡೆದದ್ದು.

ಅವಳು ಮರುದಿನ ಗಿರಣಿ ಶುರುವಾಗುವ ಮುಂಚೆಯೇ ಹೋದಳು. ಜೋಳದ ಕಲ್ಲಿನ ಕೆಳಗಿನದನ್ನಷ್ಟೇ ಗಿರಣಿಯವನ ಕೈಯಿಂದ ತೆಗೆಸಿದಳು. ಅದನ್ನು ತಾನು ಮೊದಲು ನಾದಿ, ಚಿಟಿಕೆಯಷ್ಟನ್ನು ತನ್ನ ರೆಪ್ಪೆಗೆ ಸವರಿಕೊಂಡು ಕಾಯ್ದಳು. ಉರಿಯಲಿಲ್ಲ. ಆಮೇಲೆ ಮಕ್ಕಳಿಗೆ ಕೊಟ್ಟಳು. ಹಿಂದಿನ ದಿನ ಚೀರಿದವರೂ ಬಂದು ಕೂತರು. ಗೊಂಬೆಗಳನ್ನು ಬಿಸಿಲಿಗಿಟ್ಟರೆ ಬಿರುಕು ಬಿಡುತ್ತಿದ್ದವು, ಇರುವೆ ಮುತ್ತುತ್ತಿದ್ದವು. ಅದಕ್ಕೆ ಹಿಟ್ಟು ಕಲಸುವ ಎಸರಿಗೇ, ಆ ಬಿಸಿನೀರಿಗೇ, ಉಪ್ಪು ಹಾಕಿ ಕುದಿಸಿದಳು, ನೆರಳಿನಲ್ಲಿ ಹಳೆ ಸೀರೆಯ ಮೇಲೆ ಹರವಿ ಮೂರು ದಿನ ಮಗ್ಗುಲು ಬದಲಿಸುತ್ತ ಒಣಗಿಸಿದಳು. ಹಿರಿಯರು ಬಂದು ಒಂದು ಗೊಂಬೆಯನ್ನು ತಿರುಗಿಸಿ ನೋಡಿ, ಮತ್ತೆ ಸೀರೆಯ ಮೇಲಿಟ್ಟು ಹೋದರು.

ಶಾಲೆ ಮುಗಿದು ನಾನು ವರದಿ ಬರೆದೆ. "ಹಿಟ್ಟಿನ ಮೂಲಕ ಪ್ರಾರ್ಥನೆ ಕಲಿಸುವ ವಿಧಾನ" ಎಂದು ತಲೆಬರಹ ಕೊಟ್ಟೆ. ಕ್ರಮವಾಗಿ, ಸ್ವಚ್ಛವಾಗಿ ಬರೆದೆ. ಅವಳ ಹೆಸರು ಬರೆಯಲಿಲ್ಲ. ಜೊತೆಗೆ ಕಳಿಸಬೇಕಿದ್ದ ಫೋಟೋದಲ್ಲಿ ಅವಳು ಮಕ್ಕಳ ನಡುವೆ ಕೂತಿದ್ದಳು. ಅದನ್ನು ಕತ್ತರಿಸಿ, ಹಿಟ್ಟು ಮತ್ತು ಕೈಗಳಷ್ಟೇ ಉಳಿಯುವಂತೆ ಮಾಡಿ ಶಿಕ್ಷಕರ ವಾಟ್ಸಾಪ್ ಗುಂಪಿಗೂ ಹಾಕಿದೆ. ಸಂಜೆಯೊಳಗೆ ಮೇಲ್ವಿಚಾರಕರೇ ಫೋನ್ ಮಾಡಿದರು.

"ಭಾಳ ಚೊಲೊ ಆಗ್ಯದ್ರಿ. ಇದು ಯಾರ ಐಡಿಯಾ?"

"ನಾನೇ ಮಾಡ್ಸಿದ್ದೆ ಸರ್" ಎಂದೆ.

"ಹಾಂಗಂದ್ರ ಬರೋ ಶನಿವಾರ ಜೇವರ್ಗಿಗೆ ಬರ್ರಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಸಂಡೇ ಸ್ಕೂಲ್ ಟೀಚರ್‌ಗಳು ಕೂಡ್ತಾರ. ನೀವೇ ಮಾಡಿ ತೋರಸ್ರಿ."

ಅವಳಿಗೆ ಮೀಟಿಂಗ್ ಎಂದಷ್ಟೇ ಹೇಳಿದೆ. ಬೆಳಿಗ್ಗೆ ಡಬ್ಬಿಯಿಂದ ಹಿಟ್ಟು ತುಂಬಿಕೊಳ್ಳುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಯಾಕೆ ಎಂದು ಕೇಳಲಿಲ್ಲ. ಆಳಂದದಿಂದ ಕಲಬುರಗಿ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಓದಿಕೊಳ್ಳುತ್ತ ಹೋದೆ. ಕಲಬುರಗಿಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಥರ್ಮಾಸಿಗೆ ಬಿಸಿನೀರು ತುಂಬಿಸಿಕೊಂಡೆ. ಅಷ್ಟೂ ದಿನ ಅವಳ ಕೈಯನ್ನೇ ನೋಡಿದ್ದೆ, ಹೊಟ್ಟೆಕಿಚ್ಚಿನಿಂದ. ಒಂದು ದಿನವೂ ಹಿಟ್ಟು ಮುಟ್ಟಿರಲಿಲ್ಲ.

ಜೇವರ್ಗಿಯ ಚರ್ಚಿನ ಹಾಲ್‌ನಲ್ಲಿ ಮೂವತ್ತು ಜನರಿದ್ದರು. ನಾನು ಮೊದಲ ಅರ್ಧ ಗಂಟೆ ಚೆನ್ನಾಗಿ ಮಾತಾಡಿದೆ. ಕೆಲವರು ಬರೆದುಕೊಂಡರು. ಆಮೇಲೆ ಪರಾತವೆಂಬ ಅಗಲ ತಟ್ಟೆಯಲ್ಲಿ ಹಿಟ್ಟು ಸುರಿದು ಥರ್ಮಾಸಿನ ನೀರು ಹಾಕಿ ನಾದತೊಡಗಿದೆ. ಹಿಟ್ಟು ಕೂಡಿಕೊಳ್ಳಲಿಲ್ಲ. ಇನ್ನಷ್ಟು ನೀರು ಹಾಕಿದೆ. ಬೆರಳಿಗೆ ಅಂಟಿತು. ಹಿಟ್ಟು ಸೇರಿಸಿದೆ. ಮುಷ್ಟಿ ಬಿಟ್ಟರೆ ಮರಳಿನ ಹಾಗೆ ಉದುರಿತು. ಗೊಂಬೆ ಮಾಡಲು ಹೋದರೆ ನಡುವೆ ಸೀಳಿತು.

"ಹಿಟ್ಟು ಹಳೇದು ಅನಸ್ತದ" ಎಂದೆ.

ಕೊಳಕೂರಿನಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬಳು ಎದ್ದು ಬಂದು ಚಿಟಿಕೆ ಹಿಟ್ಟು ತೆಗೆದುಕೊಂಡು ಮೂಸಿದಳು. "ಹಿಟ್ಟು ಚೊಲೊ ಅದರಿ ಸರ್. ಎಸರೇ ಕುದ್ದಿಲ್ಲ. ನೀವು ಎಂದಾರ ರೊಟ್ಟಿ ಹಿಟ್ಟು ನಾದೀರೇನ್ರಿ?"

ಎಲ್ಲರೂ ನಕ್ಕರು. ಅವಳದು ಕುಹಕವಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಮೇಲ್ವಿಚಾರಕರು ನನ್ನ ಮುಖ ನೋಡಿ, "ಚಾ ಕುಡದು ಮುಂದುವರಸೋಣ್ರಿ" ಎಂದರು.

ನಾನು ಹಿತ್ತಿಲಿಗೆ ಹೋಗಿ, ಹಿಟ್ಟು ಮೆತ್ತಿದ ಬೆರಳಿನಿಂದಲೇ ಮನೆಗೆ ಫೋನ್ ಮಾಡಿದೆ. ಉಪಾಯ ಕೇಳಿಕೊಂಡು ಒಳಗೆ ಹೋಗಿ ಮಾನ ಉಳಿಸಿಕೊಳ್ಳುವುದಷ್ಟೇ ನನ್ನ ತಲೆಯಲ್ಲಿತ್ತು.

"ಹಿಟ್ಟು ಉದುರಾಕತ್ತದ" ಎಂದೆ.

"ನೀರು ಖಳಖಳ ಕುದೀಬೇಕ್ರಿ. ಹಿಟ್ಟಿನ ನಡುವ ಕುಣಿ ಮಾಡಿ ಒಮ್ಮೆಲೆ ಸುರೀರಿ. ಕೈ ಹಾಕಬ್ಯಾಡ್ರಿ, ಸುಡ್ತದ. ಮೊದಲ ಚಮಚದಾಗ ತಿರುವ್ರಿ, ಮುಚ್ಚಿಡ್ರಿ, ಜರಾ ಆರಿದ ಮ್ಯಾಲ ತಣ್ಣೀರು ಕೈ ಮಾಡ್ಕೊಂಡು ನಾದ್ರಿ." ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಕೇಳಿದಳು: "ಎಷ್ಟ್ ಮಂದಿ ಬಂದಾರ್ರಿ?"

ನಾನು ಬೆರಳಿಗಂಟಿದ ಹಿಟ್ಟನ್ನು ಗೋಡೆಗೆ ಒರೆಸಿದೆ.

"ಅಫಜಲಪುರದ ನಮ್ಮಣ್ಣನ ಹೆಂಡತಿ, ವೈನಿನೂ ಆ ವಾಟ್ಸಾಪ್ ಗುಂಪಿನ್ಯಾಗ ಅದಾಳ. ಫೋಟೋ ಕಳಿಸಿದ್ಳು. ನನ್ನ ಮಾರಿ ಕತ್ತರ್ಸೀರಿ, ಕೈಯಾಗಿನ ಬಳಿ ಹಾಂಗೇ ಉಳದಾವ." ದನಿಯಲ್ಲಿ ಏರಿಳಿತವಿರಲಿಲ್ಲ. "ಹೇಳೋದು ಬಿಡೋದು ನಿಮಗ ಬಿಟ್ಟಿದ್ದು. ಹಿಟ್ಟು ಮಾತ್ರ ಕೆಡಿಸಬ್ಯಾಡ್ರಿ."

ನಾನು ಫೋನ್ ಕಿವಿಗೆ ಹಿಡಿದುಕೊಂಡೇ ಹಾಲ್‌ನ ಹಿಂಬಾಗಿಲಿನಿಂದ ಇಣುಕಿದೆ. ಅಡುಗೆಮನೆಯಲ್ಲಿ ಗ್ಯಾಸ್ ಇತ್ತು. ನೀರು ಕುದಿಸಿ, ಅವಳು ಹೇಳಿದ ಹಾಗೆ ಮಾಡಿದರೆ ಹಿಟ್ಟು ಸರಿಯಾಗುತ್ತಿತ್ತು. ಮೂವತ್ತು ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಮನೆಯಲ್ಲಿ ಏನೂ ಅನ್ನುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಅದನ್ನು ನೆನೆದಾಗಲೇ, ನಾನು ಹೀಗೇ ಮಾಡುತ್ತ ಹೋದೇನು ಎಂದು ಭಯವಾದದ್ದು.

"ಫೋನ್ ಇಡಬ್ಯಾಡ. ಹಾಂಗೇ ಇರು" ಎಂದೆ. ಒಳಗೆ ಹೋಗಿ ಎಲ್ಲರ ಮುಂದೆ ನಿಂತೆ. "ಇದು ನನ್ನ ಕೆಲಸ ಅಲ್ರಿ. ನನ್ನ ಹೆಂಡತೀದು. ವರದಿಯೊಳಗ ನಾ ಸುಳ್ಳು ಬರದೀನಿ. ಅಕಿ ಫೋನಿನ್ಯಾಗ ಅದಾಳ. ಅಕೀನೇ ಹೇಳ್ತಾಳ, ನಾ ಮಾಡ್ತೇನಿ."

ನಾನು ಸ್ಪೀಕರ್ ಹಾಕಿ ಫೋನನ್ನು ಪರಾತದ ಪಕ್ಕ ಇಟ್ಟೆ. ಅವಳಿಗೂ ಇದು ಅನಿರೀಕ್ಷಿತ. ಮೊದಲು ಕುಕ್ಕರಿನ ಸೀಟಿ ಮಾತ್ರ ಕೇಳಿಸಿತು. ಆಮೇಲೆ ಅವಳ ದನಿ ಬಂತು: "ಅಲ್ಲಿ ರೊಟ್ಟಿ ಬಡಿಯೋರು ಯಾರರ ಅದಾರೇನ್ರಿ?"

"ನಾ ಅದೀನಿ ತಂಗಿ, ಹೇಳು" ಎಂದು ಕೊಳಕೂರಿನವಳು ಫೋನಿನತ್ತ ಬಾಗಿದಳು.

"ನೀವು ಜರಾ ಮುಟ್ಟಿ ನೋಡ್ಕೊಂತ ಇರ್ರಿ ಅವ್ವಾ. ಅವ್ರಿಗಿ ಅದು ತಿಳಿಯಲ್ಲ."

ಮತ್ತೆ ನಗು. ಈ ಸಲ ಅದು ನನ್ನ ಮೈಗೆ ತಾಕಿದರೂ ತಲೆ ತಗ್ಗಿಸಿ ಕೆಲಸ ಮಾಡಿದೆ. ಕುದಿಯುವ ನೀರು ತಂದು ಸುರಿದೆ, ತಿರುವಿದೆ, ಮುಚ್ಚಿಟ್ಟೆ, ನಾದಿದೆ. ಹಿಟ್ಟು ಕೈಯೊಳಗೆ ಒಂದಾಗುತ್ತ ಬಂತು. ಅವಳು ಪ್ರತಿ ಹೆಜ್ಜೆಗೂ ಏನು ಮಾಡಬೇಕು, ಮಕ್ಕಳಿಗೆ ಏನು ಹೇಳಬೇಕು ಎಂದು ಹೇಳುತ್ತ ಹೋದಳು. ಖಾರ ಬೆರೆತ ದಿನದ ತನ್ನ ತಪ್ಪನ್ನೂ ಹೇಳಿದಳು. ಮೂವತ್ತು ಜನ ಆ ಸಣ್ಣ ಫೋನಿನ ಸುತ್ತ ನೆಲದ ಮೇಲೆ ಕೂತರು. ನನ್ನ ಅರ್ಧ ಗಂಟೆಯ ಭಾಷಣಕ್ಕೆ ಯಾರೂ ಇಷ್ಟು ಹತ್ತಿರ ಬಂದಿರಲಿಲ್ಲ.

ಅಫಜಲಪುರದ ಶಿಕ್ಷಕನೊಬ್ಬ ಕೇಳಿದ: "ಮಕ್ಕಳು ಬೇಡ್ಕೊಂಡದ್ದು ಆಗ್ಲಿಲ್ಲ ಅಂದ್ರ ಏನ್ ಹೇಳ್ತೀರಿ ಅಕ್ಕಾ?"

ಇದಕ್ಕೆ ನನ್ನ ಹತ್ತಿರ ಮೂರು ಅಂಶಗಳ ಉತ್ತರವಿತ್ತು. ಬಾಯಿವರೆಗೆ ಬಂತು. ಅಷ್ಟರಲ್ಲಿ ಅವಳು ಹೇಳಿದಳು: "ಒಬ್ಬ ಹುಡುಗ ಅಪ್ಪ ಬರ್ಲಿ ಅಂತ ಬಸ್ ಮಾಡಿದ್ದ. ಅವರಪ್ಪ ಇನ್ನಾ ಬಂದಿಲ್ರಿ. ಆದ್ರ ಅವ್ನ ಹಾದಿ ಈಗ ಮಗ ಒಬ್ಬನೇ ನೋಡಾಕತ್ತಿಲ್ಲ, ಇನ್ನೊಬ್ಬಾಕಿನೂ ನೋಡಾಕತ್ಯಾಳ. ನಾ ಅಷ್ಟೇ ಹೇಳ್ತೇನಿ. ಅದಕ್ಕಿಂತ ಹೆಚ್ಚು ನನಗ ತಿಳಿಯಲ್ಲ."

ಕೇಳಿದವನು ಪೆನ್ನು ಮುಚ್ಚಿದ. ನಾನು ಹಿಟ್ಟು ನಾದುತ್ತಲೇ ಇದ್ದೆ. ತಪ್ಪೊಪ್ಪಿಕೊಂಡರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಆ ಉತ್ತರ ನನ್ನದಾಗಿರಬೇಕಿತ್ತು ಎಂದು ಆ ಕ್ಷಣದಲ್ಲೂ ಅನ್ನಿಸಿತು.

ಮಧ್ಯಾಹ್ನ ಮೇಲ್ವಿಚಾರಕರು ನನ್ನನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ. "ವರದಿ ತಿದ್ದಿ ಕಳಸ್ರಿ. ಬರೋ ತಿಂಗಳ ಅಫಜಲಪುರದಾಗ ಟೀಚರ್‌ಗಳಿಗಿ ಮೂರು ದಿನದ ತರಬೇತಿ ಅದ, ಅದನ್ನ ಅಮ್ಮಾರೇ ನಡಸಲಿ" ಎಂದರು. ನನಗೇನು ಕೆಲಸ ಎಂದು ಹೇಳಲಿಲ್ಲ.

ಸಂಜೆ ಮನೆಗೆ ಬಂದಾಗ ಅವಳು ತೊಗರಿಬೇಳೆ ಆರಿಸುತ್ತಿದ್ದಳು. ಎದುರಿಗೆ ಕೂತು ತಪ್ಪಾಯಿತು ಎಂದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಅನ್ನದ ಗೊಂಬಿ ಮಾಡಬಾರದು ಅಂತ ಕಾಕಾರ ಕಿವಿಗಿ ಹಾಕಿದವ್ರೂ ನೀವೇ ಅಲ್ರಿ?"

"ಹೌದು."

"ನನಗ ಗೊತ್ತಿತ್ತು. ಆ ಮಾತು ಅವ್ರದಲ್ಲ." ಒಂದು ಹರಳು ತೆಗೆದು ಹೊರಗೆಸೆದಳು. "ನನಗ ಸಿಟ್ಟು ಬಂದದ. ಎಷ್ಟ್ ದಿನ ಇರ್ತದ ಗೊತ್ತಿಲ್ಲ. ಅಲ್ಲೀತನಾ ಕ್ಷಮಾ ಕೇಳಬ್ಯಾಡ್ರಿ."

ನಾಲ್ಕು ದಿನ ಬೇಕಾದಷ್ಟೇ ಮಾತಾಡಿದಳು. ಐದನೆಯ ದಿನ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಅವಳು ಓದಿದ್ದು ಏಳನೆಯ ತರಗತಿವರೆಗೆ. ಮದುವೆಯಾದ ಮೇಲೆ ಕಿರಾಣಿ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ.

"ವರದಿ ಬರೆಯೋದು ಕಲಸ್ರಿ" ಎಂದಳು. "ಅಫಜಲಪುರದ್ದು ನಾ ಬರೀತೇನಿ."

ದಿನಾ ಸಂಜೆ ಒಂದು ಗಂಟೆ ಕೂತೆವು. ಮೊದಲು ಸ್ಥಳ, ಎಷ್ಟು ಜನ, ಯಾವ ವಿಷಯ, ಆಮೇಲೆ ಏನು ನಡೆಯಿತು, ಏನು ಕೆಟ್ಟಿತು, ಯಾರು ಏನು ಸಹಾಯ ಮಾಡಿದರು. ಹೀಗೆ ಒಂದೊಂದಾಗಿ ಹೇಳಿಕೊಟ್ಟೆ. ಅವಳು ಕಲಿಯುವುದರಲ್ಲಿ ಚುರುಕು. ಅದೂ ನನಗೆ ಸ್ವಲ್ಪ ಚುಚ್ಚಿತು.

ಅಫಜಲಪುರಕ್ಕೆ ಇಬ್ಬರೂ ಹೋದೆವು. ಅವಳು ಒಳಗೆ ಶಿಕ್ಷಕರ ನಡುವೆ ಕೂತಳು. ನಾನು ಹಿಂದಿನ ಶೆಡ್ಡಿನಲ್ಲಿ ಒಲೆ ನೋಡಿಕೊಂಡೆ. ಮೂರು ದಿನ, ಕರೆದಾಗಲೆಲ್ಲ ಕುದಿಯುವ ಎಸರು ಒಯ್ದು ಕೊಟ್ಟೆ. ಬಾಗಿಲು ದಾಟುವಾಗ ಅವಳ ಮಾತು ಒಂದಿಷ್ಟು ಕಿವಿಗೆ ಬೀಳುತ್ತಿತ್ತು. ನಿಂತು ಕೇಳಬೇಕೆನ್ನಿಸುತ್ತಿತ್ತು, ಕೇಳಬಾರದೆಂದೂ ಅನ್ನಿಸುತ್ತಿತ್ತು. ಕೊನೆಯ ದಿನ ಜನ ಅವಳನ್ನು ಸುತ್ತುವರಿದು ಫೋಟೋ ತೆಗೆಸಿಕೊಂಡರು. ತೆಗೆದವನು ನಾನೇ. ಎಲ್ಲರೂ ಬಂದಿದ್ದಾರೆಯೇ ಎಂದು ಎರಡು ಸಲ ನೋಡಿ ಒತ್ತಿದೆ.

ವಾರದೊಳಗೆ ಅವಳ ವರದಿ ಸಿದ್ಧವಾಯಿತು. ಎರಡು ಪುಟ, ಗುಂಡು ಗುಂಡು ಅಕ್ಷರ. ಮೇಲ್ವಿಚಾರಕರಿಗೆ ಕಳಿಸುವ ಮೊದಲು ನೋಡಿ ಎಂದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ನನ್ನ ಹೆಸರನ್ನು ಹುಡುಕುತ್ತ ಓದಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಎರಡನೆಯ ಪುಟದ ಕೊನೆಯ ಸಾಲಿನಲ್ಲಿ ಸಿಕ್ಕಿತು: "ನಮ್ಮ ಯಜಮಾನರು ನೀರು ಕಾಯಿಶಿ ಕೊಟ್ಟರು."

ಅಷ್ಟೇ. ಮೂರು ದಿನವೂ ಎಂದು ಸೇರಿಸಲು ಕೈ ತುರಿಸಿತು. ಬೆಳಗಿನಿಂದ ಸಂಜೆಯವರೆಗೆ ಎಂದು ಸೇರಿಸಿದರೂ ಸುಳ್ಳಾಗುತ್ತಿರಲಿಲ್ಲ. ಪೆನ್ನಿನ ಟೋಪಿ ತೆಗೆದೆ, ಮತ್ತೆ ಹಾಕಿದೆ. ಆಮೇಲೆ ಎರಡೂ ಪುಟಗಳ ಫೋಟೋ ತೆಗೆದು, ಅವಳು ಬರೆದಿದ್ದ ಹಾಗೆಯೇ, "ಕಾಯಿಶಿ"ಯನ್ನೂ ತಿದ್ದದೆ ಕಳಿಸಿದೆ.